ಗೋಡೆಗೆ ಮುಖ ಮಾಡಿ ರೇಡಿಯೋ ಆರಿಸಿದ್ದು

ನಮ್ಮ ರಾಜಾಜಿನಗರದ ವಠಾರದಲ್ಲಿ ಏಳು ಮನೆ, ಒಂದು ನಲ್ಲಿ. ಆ ಏಳು ಮನೆಯಲ್ಲಿ ನಾನು ಕದಿಯದ ಗಂಟಲು ಒಂದೂ ಉಳಿದಿರಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರನೇ ಮನೆಯ ಪದ್ಮಾ ಆಂಟಿ ನಲ್ಲಿಯ ಹತ್ತಿರ ಜಗಳಕ್ಕೆ ಶ್ರುತಿ ಹಿಡಿಯುವ ರೀತಿ, ಮನೆ ಮಾಲೀಕರು ಗೇಟು ತೆಗೆಯುವ ಮುನ್ನ ಕೆಮ್ಮುವ ಕೆಮ್ಮು, ಸಾವಿನ ಸುದ್ದಿಗೂ ಈರುಳ್ಳಿ ಬೆಲೆಗೂ ವಾರ್ತೆಯವರು ಇಡುವ ಒಂದೇ ದನಿ, ಎಲ್ಲ ನನ್ನ ಜೇಬಿನಲ್ಲಿದ್ದವು. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದ್ದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತಿತ್ತು. ಬಿ.ಕಾಂ. ಎರಡನೇ ವರ್ಷದಲ್ಲಿ ಎರಡು ಪೇಪರು ಉಳಿಸಿಕೊಂಡಿದ್ದವನಿಗೆ ಬೇರೆ ಆಸ್ತಿ ಏನಿರುತ್ತದೆ ಹೇಳಿ.

ಈ ಆಸ್ತಿಯ ಜಂಬದಲ್ಲಿಯೇ ನಾನು ಒಂದು ಭಾನುವಾರ ಬೆಳಿಗ್ಗೆ, ಹಳೇ ರೇಡಿಯೋ ಇಟ್ಟುಕೊಳ್ಳುವುದೋ ಹೊಸದು ಕೊಳ್ಳುವುದೋ ಎಂಬ ಸಣ್ಣ ವಿಷಯದಲ್ಲಿ, ಅಪ್ಪ ಇಪ್ಪತ್ತೆರಡು ವರ್ಷ ನಿಂತಿದ್ದ ಮೆಷಿನ್ನಿನಿಂದ ಅವರನ್ನು ಇಳಿಸಿಬಿಟ್ಟೆ. ಅದನ್ನು ನಗಿಸುತ್ತಾ ಹೇಳಲು ಹಲವು ಸಲ ಪ್ರಯತ್ನಪಟ್ಟಿದ್ದೇನೆ. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಹೋಗುತ್ತದೆ.

ಹಳೆಯದು ವಾಲ್ವ್ ರೇಡಿಯೋ. ಅಪ್ಪ ಮದುವೆಯಾದ ವರ್ಷ ತಂದದ್ದು. ಗುಂಡಿ ತಿರುಗಿಸಿದ ಕೂಡಲೇ ಬಾಯಿಬಿಡುವ ಜಾತಿಯದಲ್ಲ. ಮೊದಲು ಒಳಗೆ ದೀಪ, ಆಮೇಲೆ ಕಾದ ಧೂಳಿನ ವಾಸನೆ, ಆಮೇಲೆ ಗುಂಯ್ ಎನ್ನುವ ಸದ್ದು, ಕೊನೆಗೆ ಯಾರೋ ಬಾವಿಯಿಂದ ಮೆಟ್ಟಿಲು ಹತ್ತಿ ಬಂದ ಹಾಗೆ ಮಾತು. ಮರದ ಪೆಟ್ಟಿಗೆಗೆ ಅಮ್ಮ ಹೊಲಿದ ಮುಸುಕು, ಅದರ ಕೆಳಗೆ ಪೋಸ್ಟಾಫೀಸಿನ ಮುದ್ರೆ ಬಿದ್ದ ಲೈಸೆನ್ಸ್ ಪುಸ್ತಕ. ನಾಯಿಗೆ, ಸೈಕಲ್ಲಿಗೆ, ರೇಡಿಯೋಗೆ ಸರ್ಕಾರ ಲೈಸೆನ್ಸು ಕೊಟ್ಟ ಕಾಲ ಅದು. ಮಿಮಿಕ್ರಿ ಮಾಡುವವರನ್ನು ಮಾತ್ರ ಯಾರೂ ಲೈಸೆನ್ಸು ಕೇಳಲಿಲ್ಲ, ಕೇಳಬೇಕಾಗಿತ್ತು.

ಲೋಕದಲ್ಲಿ ಹಳೇ ಸೆಟ್ಟಿನವರು, ಹೊಸ ಸೆಟ್ಟಿನವರು ಎಂದು ಎರಡು ಮತಗಳಿವೆ. ಹಳಬರು ದನಿಗೆ ತೂಕ ಬೇಕು ಎನ್ನುತ್ತಾರೆ, ಹೊಸಬರು ಸ್ಪಷ್ಟತೆ ಬೇಕು ಎನ್ನುತ್ತಾರೆ. ಹಿಂದೆ ಗ್ರಾಮಫೋನು ಬಂದಾಗಲೂ ಎದುರಿಗೆ ಕೂತು ಹಾಡಿಸಿಕೊಳ್ಳುತ್ತಿದ್ದ ರಸಿಕರು ಹೀಗೆಯೇ ಮೂಗು ಮುರಿದಿರಬೇಕು. ನಾನು ಹೊಸ ಮತದವನು. ವಿಜಯನಗರದ ರೇಡಿಯೋ ಅಂಗಡಿಯ ಗಾಜಿನ ಹಿಂದೆ ಬೆಳ್ಳಿ ಬಣ್ಣದ ಟೂ-ಇನ್-ಒನ್ ಕೂತಿತ್ತು, ರೇಡಿಯೋ, ಟೇಪು ಎರಡೂ ಒಂದರಲ್ಲೇ, ಎರಡು ಕಡೆ ಎರಡು ಸ್ಪೀಕರು. ಅದರಲ್ಲಿ ನನ್ನ ಗಂಟಲುಗಳನ್ನೆಲ್ಲ ಕ್ಯಾಸೆಟ್ಟಿಗೆ ತುಂಬುವ ದುರಾಸೆ ನನ್ನದು.

ಆಶ್ಚರ್ಯವೆಂದರೆ ಅಪ್ಪನೇ ದಾರಿ ಮಾಡಿಕೊಟ್ಟರು. "ಇದಕ್ಕೆ ವಯಸ್ಸಾಯ್ತು ಕಣೋ, ಗಂಟಲು ಕಟ್ಟಿದೆ" ಎಂದು ಗುಂಡಿಯನ್ನು ದಿನಾ ಒಂದು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸುತ್ತಿದ್ದರು. ವಾರ್ತೆ ಏಳೂ ಮನೆಗೆ ಪುಕ್ಕಟೆ ತಲುಪುತ್ತಿತ್ತು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡೇ ಕೇಳುವರು. ಜ್ವರ ನೋಡುವ ಡಾಕ್ಟರ ಹಾಗೆ ಎಂದು ನಾನು ಅದನ್ನೂ ಅಭಿನಯಿಸುತ್ತಿದ್ದೆ. ಹೊಸದರ ಮಾತೆತ್ತಿದರೆ ಅಮ್ಮ ಮಾತ್ರ, "ರೇಡಿಯೋಗೇನಾಗಿದೆ, ಚೆನ್ನಾಗೇ ಇದೆ" ಎಂದು ಅಡುಗೆಮನೆಗೆ ಹೋಗಿಬಿಡುವರು.

ಅಮ್ಮನಿಗೆ ಇನ್ನೊಂದು ಶಾಸ್ತ್ರವಿತ್ತು. ಹೊರಟವರನ್ನು ಹಿಂದಿನಿಂದ ಕೂಗಬಾರದು, ಹೋದ ಕೆಲಸ ಕೆಡುತ್ತದೆ. ಇದು ಎಲ್ಲರ ಮನೆಯಲ್ಲೂ ಇರುವುದೇ. ಆದರೆ ನಮ್ಮಲ್ಲಿ ಎರಡು ವರ್ಷದಿಂದ ಅತಿಯಾಗಿತ್ತು. ಅಪ್ಪ ಊಟದ ಡಬ್ಬಿ ಮರೆತು ಹೊರಟರೆ ಅಮ್ಮ ಒಗ್ಗರಣೆ ಬಿಟ್ಟು ಓಡಿ, ಗೇಟಿನ ಹತ್ತಿರ ಅವರನ್ನು ದಾಟಿ, ಎದುರಿಗೆ ನಿಂತು ಕೊಡುವರು. ಮನೆಗೆ ಬಂದವರಿಗೂ ಅದೇ: "ಹಿಂದಿನಿಂದ ಕೂಗಬೇಡಿ, ಅವರಿಗೆ ಆಗಿಬರಲ್ಲ, ಮುಂದೆ ಬಂದು ಹೇಳಿ." ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುವ ಆ ಓಟ ಸಮೇತ ನಾನು ನಲ್ಲಿಯ ಹತ್ತಿರ ಮಾಡಿ ತೋರಿಸುತ್ತಿದ್ದೆ. ಪದ್ಮಾ ಆಂಟಿ ಕೊಡ ಕೆಳಗಿಟ್ಟು ನಕ್ಕಿದ್ದರು.

ಅಂಗಡಿಯವರು ಒಳ್ಳೆಯವರು. "ಹಳೇದು ನಮಗೇ ಕೊಡಿ. ಎರಡು ದಿನ ಹೊಸದನ್ನ ಮನೇಲಿಟ್ಟು ಕೇಳಿ, ಆಮೇಲೆ ಮಾತಾಡೋಣ ಸಾರ್" ಎಂದರು. ಭಾನುವಾರ ಬೆಳಿಗ್ಗೆ ಪರೀಕ್ಷೆ ಏರ್ಪಾಡಾಯಿತು. ತೀರ್ಪುಗಾರರು ಕೊನೇ ಮನೆಯ ಹನುಮಂತಯ್ಯನವರು, ಅಪ್ಪನ ಕಾರ್ಖಾನೆಯಲ್ಲಿ ಪ್ರೆಸ್ ವಿಭಾಗದ ಫೋರ್‌ಮನ್. ಅಲ್ಲಿ ಅಪ್ಪ ತಗಡು ಒತ್ತುವ ಪವರ್ ಪ್ರೆಸ್ ಮುಂದೆ ನಿಲ್ಲುತ್ತಿದ್ದರು. ತಲೆಯ ಮೇಲೆ ಕ್ರೇನು ಬಂದರೆ ಗಂಟೆ ಬಾರಿಸುತ್ತಾರೆ, ಅದನ್ನು ಕೇಳಿ ಸರಿದುಕೊಳ್ಳಬೇಕು. ವಠಾರದ ಉಳಿದವರು ಬಾಗಿಲಲ್ಲಿ ಸೇರಿದ್ದರು.

"ಅಪ್ಪಾ, ಹೊಳಪು ನೋಡಿ ಮೋಸಹೋಗ್ತೀಯ. ಗೋಡೆ ಕಡೆ ತಿರುಗ್ಕೊಂಡು ಕೂತ್ಕೋ. ಭುಜ ಮುಟ್ತೀನಿ, ಯಾವುದು ಅಂತ ಹೇಳು" ಎಂದೆ.

ಅಪ್ಪ ಅಮ್ಮನ ಕಡೆ ನೋಡಿದರು. ಹನುಮಂತಯ್ಯನವರು, "ಕೂತ್ಕೊಳ್ಳಿ ರಂಗಣ್ಣ, ಮಗ ಪರೀಕ್ಷೆ ಪಾಸ್ ಮಾಡ್ಲಿಲ್ಲ, ನೀವಾದ್ರೂ ಮಾಡಿ" ಎಂದರು. ಎಲ್ಲರೂ ನಕ್ಕಮೇಲೆ ಅಪ್ಪ ಏಳುವುದಾದರೂ ಹೇಗೆ? ಉದ್ದ ಬೆಂಚಿನ ಒಂದು ತುದಿಯಲ್ಲಿ ಅವರು ಗೋಡೆಗೆ ಮುಖ ಮಾಡಿ ಕೂತರು. ಇನ್ನೊಂದು ತುದಿಯಲ್ಲಿ ಹಳೇ ರೇಡಿಯೋ. ಹೊಸದು ಕುರ್ಚಿಯ ಮೇಲೆ. ಎರಡನ್ನೂ ಹಾಕಿಟ್ಟು ಒಂದರ ಗುಂಡಿ ಏರಿಸಿದೆ, ಭುಜ ಮುಟ್ಟಿದೆ.

"ಇದು ನಮ್ಮದು" ಎಂದರು. ಸರಿ. ಇನ್ನೊಂದನ್ನು ಏರಿಸಿದೆ. "ಇದು ಹೊಸದು." ಅದೂ ಸರಿ. ಬಾಗಿಲಲ್ಲಿ ಭಲೇ ಭಲೇ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಎಲ್ಲರಿಗೂ ಕಣ್ಣು ಹೊಡೆದು ಎರಡೂ ಗುಂಡಿ ಪೂರ್ತಿ ತಗ್ಗಿಸಿದೆ. ಮನೆ ನಿಶ್ಶಬ್ದವಾಯಿತು. ಭುಜ ಮುಟ್ಟಿದೆ.

ಅಪ್ಪ ತಲೆಯನ್ನು ಒಂದು ಕಡೆ ವಾಲಿಸಿ ಗಮನವಿಟ್ಟು ಕೇಳಿದರು. ಆಮೇಲೆ, "ಇದೂ ಹೊಸದೇ. ಮಾತು ಬಿಡಿಬಿಡಿಯಾಗಿ ಬರ್ತಿದೆ. ಸ್ವಲ್ಪ ಸೌಂಡ್ ಕಮ್ಮಿ ಮಾಡೋ" ಎಂದರು.

ಬಾಗಿಲು ಸಿಡಿದ ಹಾಗೆ ನಗು. ಪದ್ಮಾ ಆಂಟಿ ಹೊಟ್ಟೆ ಹಿಡಿದುಕೊಂಡರು. ನಾನು ವಾರ್ತೆಯ ದನಿಯಲ್ಲಿ, "ರಂಗಣ್ಣನವರು ಇಂದು ಮೌನವನ್ನು ಜೋರಾಗಿ ಕೇಳಿದರು" ಎಂದು ಓದಿದೆ. ಇನ್ನಷ್ಟು ನಗು. ಅಪ್ಪ ತಿರುಗಲಿಲ್ಲ. ಅವರ ಬೆನ್ನು ಹಾಗೆಯೇ ನೆಟ್ಟಗೆ, ನನ್ನ ಕೈ ಇನ್ನೊಮ್ಮೆ ಭುಜಕ್ಕೆ ತಾಗುವುದನ್ನು ಕಾಯುತ್ತಿತ್ತು. ಹತ್ತು ಜನರ ನಗು ಹಿಂದೆಯೇ ಇತ್ತು, ಅವರನ್ನು ಅದು ತಲುಪಿರಲೇ ಇಲ್ಲ.

ನಗು ಒಬ್ಬೊಬ್ಬರ ಬಾಯಲ್ಲೂ ಆರುತ್ತಾ ಬಂತು. ಅಮ್ಮ ಅಡುಗೆಮನೆಯಿಂದ ಬಂದರು. ಬೆನ್ನಿನ ಹಿಂದೆ ನಿಲ್ಲಲಿಲ್ಲ, ಕೂಗಲಿಲ್ಲ. ಬೆಂಚು ಸುತ್ತಿ, ಗೋಡೆಗೂ ಅಪ್ಪನಿಗೂ ನಡುವೆ ಇದ್ದ ಇಷ್ಟೇ ಜಾಗದಲ್ಲಿ ನುಸುಳಿ, ಅಪ್ಪನ ಎದುರಿಗೆ ನಿಂತರು. ಆಗಲೇ ನನಗೆ ಆ ಶಾಸ್ತ್ರದ ಅರ್ಥ ತಿಳಿದದ್ದು.

ಹನುಮಂತಯ್ಯನವರು ಚಪ್ಪಲಿ ಮೆಟ್ಟುತ್ತಾ ಅಮ್ಮನಿಗೆ ಹೇಳಿದರು: "ನಾಳೆ ಇವರನ್ನ ಆ ಮೆಷಿನ್ ಮುಂದೆ ಹೆಂಗಮ್ಮಾ ನಿಲ್ಲಿಸ್ಲಿ?"

"ಎರಡು ವರ್ಷ ನಿಂತಿಲ್ವಾ ಅಣ್ಣ?"

"ನಂಗೆ ಗೊತ್ತಿರಲಿಲ್ಲ ತಾಯೀ. ಈಗ ಗೊತ್ತಾಯ್ತಲ್ಲ."

ಅಷ್ಟರಲ್ಲಿ ಈ ಕಡೆ ತಿರುಗಿದ್ದ ಅಪ್ಪ ಇಬ್ಬರ ತುಟಿಗಳನ್ನೂ ನೋಡುತ್ತಿದ್ದರು.

ಸೋಮವಾರದಿಂದ ಅಪ್ಪನಿಗೆ ಸ್ಟೋರ್ಸಿನಲ್ಲಿ ಕೆಲಸ. ಡಬ್ಬಿಯಿಂದ ಡಬ್ಬಿಗೆ ನಟ್ಟು ಬೋಲ್ಟು ವಿಂಗಡಿಸುವುದು. ಸಂಜೆ ಬಂದರೆ ಕೈಗೆ ಎಣ್ಣೆಯ ಕಪ್ಪು ಇರುತ್ತಿರಲಿಲ್ಲ. ಆದರೂ ಹಳೇ ಅಭ್ಯಾಸಕ್ಕೆ ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು. ತಿಂಗಳುಗಟ್ಟಲೆ ನನ್ನ ಜೊತೆ ಬೇಕಾದಷ್ಟೇ ಮಾತು, ಒಂದು ಬೈಗುಳವೂ ಇಲ್ಲ. ಹನುಮಂತಯ್ಯನವರು ಒಮ್ಮೆ ನನ್ನನ್ನು ತಡೆದು, "ಒಂದು ಲೆಕ್ಕಕ್ಕೆ ನೀನು ಅವರ ಪ್ರಾಣ ಉಳಿಸ್ದೆ ಕಣೋ" ಎಂದರು. ಆ ಮಾತನ್ನು ಇಟ್ಟುಕೊಂಡು ನಿದ್ದೆ ಮಾಡಬಹುದಾಗಿತ್ತು. ಆದರೆ ನಾನು ಗುಂಡಿ ತಗ್ಗಿಸಿದ್ದು ಪ್ರಾಣ ಉಳಿಸುವುದಕ್ಕಲ್ಲ, ನಗಿಸುವುದಕ್ಕೆ. ಅದು ನನಗೆ ಚೆನ್ನಾಗಿ ಗೊತ್ತು.

ಅಂಗಡಿಯವರ ಎರಡು ದಿನದ ಗಡುವು ಮುಗಿದು ಟೂ-ಇನ್-ಒನ್ ವಾಪಸು ಕೊಡುವ ದಿನ ನಾನು ಅಪ್ಪನ ಎದುರಿಗೆ ನಿಂತು, "ಇದನ್ನೇ ಇಟ್ಟುಕೊಳ್ಳೋಣ್ವಾ? ಇದು ಇನ್ನೂ ಜೋರು" ಎಂದೆ. ಅವರು ಬೆಳ್ಳಿ ಬಣ್ಣದ ಸೆಟ್ಟಿನ ಮೇಲೆ ಅಂಗೈ ಇಟ್ಟರು, ತೆಗೆದರು. ಮರದ ಪೆಟ್ಟಿಗೆಯ ಮೇಲೆ ಇಟ್ಟರು, ತೆಗೆಯಲಿಲ್ಲ. "ಇದು ನಡುಗುತ್ತೆ" ಎಂದರು. "ಅವತ್ತು ಬೆಂಚೂ ನಡುಗ್ತಿತ್ತು. ನಡುಗಿದ್ರೆ ನಮ್ಮದು, ಇಲ್ದಿದ್ರೆ ಹೊಸದು." ತೂಕ, ಸ್ಪಷ್ಟತೆ ಎಂದು ನಾನು ಹಂಚಿದ್ದ ಎರಡು ಮತದಲ್ಲಿ ಅಪ್ಪನಿಗೆ ಜಾಗವೇ ಇರಲಿಲ್ಲ.

ಈಗಲೂ ವಾರ್ತೆಯ ಹೊತ್ತಿಗೆ ಅಪ್ಪ ಪೆಟ್ಟಿಗೆಯ ಮೇಲೆ ಕೈ ಇಟ್ಟು ಕೂರುತ್ತಾರೆ. ನಡುಕ ನಿಂತಮೇಲೆ ನನ್ನ ಕಡೆ ತಿರುಗಿ, "ಏನಂದ?" ಎನ್ನುತ್ತಾರೆ. ಮೊದಮೊದಲು ಚಾಳಿ ಬಿಡದೆ ವಾರ್ತೆಯವರ ಹಾಗೆಯೇ ಹೇಳಿದೆ. ಆ ದನಿ ಮಾಡುವಾಗ ತುಟಿಯೇ ಅಲ್ಲಾಡುವುದಿಲ್ಲ. "ಅವನ ಹಂಗಲ್ಲ, ಬಾಯಿ ಬಿಟ್ಟು ಹೇಳೋ" ಎಂದು ಅಪ್ಪ ಬೈದರು. ತಿಂಗಳುಗಳ ನಂತರದ ಮೊದಲ ಬೈಗುಳ. ಹಾಗಾಗಿ ಕದ್ದ ಗಂಟಲುಗಳನ್ನೆಲ್ಲ ಬದಿಗಿಟ್ಟು, ಅಂಗುಳು ಕಾಣುವಷ್ಟು ಬಾಯಿ ತೆರೆದು, ಈರುಳ್ಳಿ ಬೆಲೆ ಹೇಳುತ್ತೇನೆ. ಪದ್ಮಾ ಆಂಟಿ ಕಿಟಕಿಯಿಂದ ನೋಡಿ ನಕ್ಕರೆ ನಗಲಿ.

ಒಂದು ಗಂಟಲನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಮನೆಗೆ ಹೊಸಬರು ಯಾರಾದರೂ ಬಂದು, ಅಪ್ಪ ಆಗಲೇ ಗೇಟಿನತ್ತ ಹೊರಟಿದ್ದರೆ, ಬಂದವರು ಬಾಯಿ ತೆರೆಯುವ ಮೊದಲೇ ನಾನು ಅಮ್ಮನ ದನಿಯಲ್ಲಿ ಹೇಳುತ್ತೇನೆ: "ಹಿಂದಿನಿಂದ ಕೂಗಬೇಡಿ, ಅವರಿಗೆ ಆಗಿಬರಲ್ಲ." ಹೇಳಿ, ನಾನೇ ಓಡುತ್ತೇನೆ, ಎದುರಿಗೆ ಹೋಗಿ ನಿಲ್ಲುವುದಕ್ಕೆ.