ಮೊದಲೇ ತೀರಿಸಿದ ಹರಕೆ

ಥಾಣೆ ಸ್ಟೇಷನ್ನಿಗೆ ಸ್ಲೋ ಲೋಕಲ್ ಬಂದು ನಿಂತಿತು. ಹೆಂಡತಿ ಸುಮತಿ ಹತ್ತಿದಳು. ನಾನು ಹತ್ತಲಿಲ್ಲ. ಮನಸ್ಸು ಹತ್ತು ಎನ್ನುತ್ತಿತ್ತು. ಪಾದಗಳು ನೆಲಕ್ಕೆ ಅಂಟಿಕೊಂಡಿದ್ದವು. ಹಿಂದಿನಿಂದ ಯಾರೋ, "ಅಂಕಲ್, ಚಢೋ ಯಾ ಹಟೋ!" ಹತ್ತು, ಇಲ್ಲವೇ ಸರಿ, ಎಂದು ಕೂಗಿದರು. ಗಾಡಿ ಹೊರಟೇಬಿಟ್ಟಿತು. ಸುಮತಿ ಮುಂದಿನ ಕಳವಾ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬರುವವರೆಗೆ ಕಂಬ ಹಿಡಿದು ನಿಂತಿದ್ದೆ.

ಇದು ಎರಡು ವರ್ಷದ ಹಿಂದಿನ ಶ್ರಾವಣದ ಮಾತು. ನನಗೆ ಪಾರ್ಕಿನ್ಸನ್ ಕಾಯಿಲೆ. ಅಂದು ನೌಪಾಡಾದಲ್ಲಿ ನರರೋಗದ ಡಾಕ್ಟರನ್ನು ಕಂಡು ಡೊಂಬಿವಲಿಯ ಮನೆಗೆ ಮರಳುತ್ತಿದ್ದೆವು. ಕೈನಡುಕ ಮಾತ್ರೆಗೆ ತಗ್ಗಿತ್ತು. ನಡೆಯುತ್ತ ನಡೆಯುತ್ತ ಕಾಲು ಏಕಾಏಕಿ ನಿಂತುಬಿಡುವುದು ಮಾತ್ರ ತಗ್ಗಲಿಲ್ಲ. ಬಾಗಿಲು, ಲಿಫ್ಟು, ಜನಸಂದಣಿ, ಎಲ್ಲಿ ಇಕ್ಕಟ್ಟೋ ಅಲ್ಲಿ ಹೆಜ್ಜೆ ಏಳುತ್ತಿರಲಿಲ್ಲ. ಬಚ್ಚಲ ಹೊಸ್ತಿಲಲ್ಲಿ ಬಿದ್ದು ಹಣೆಗೆ ಹೊಲಿಗೆಯೂ ಬಿದ್ದಿತ್ತು. "ಇನ್ನೊಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುತ್ತೀರಿ, ಕಾಕಾ," ಎಂದಿದ್ದರು ಡಾಕ್ಟರಮ್ಮ. ಖಾರಘರದಲ್ಲಿರುವ ಮಗಳು ವ್ಹೀಲ್‌ಚೇರಿನ ಮಾತೆತ್ತಿದಳು.

ಕಾಲು ನಿಂತರೂ ತಲೆ ನಿಲ್ಲುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಬೀಳುವ ಭಯಕ್ಕೆ ಮತ್ತೆ ಕೂರಬೇಕು. ಟಿ.ವಿ. ಹಾಕುವುದು, ಆರಿಸುವುದು. ಸುಮತಿ ಅಡುಗೆಮನೆಗೆ ಹೋದರೂ ಕರೆಯುವುದು. ನನ್ನನ್ನು ಒಬ್ಬನೇ ಬಿಡಲಾಗದೆ ಅವಳು ಶನಿವಾರದ ಭಜನೆಯನ್ನೂ, ಮಗಳ ಮನೆಗೆ ಹೋಗುವುದನ್ನೂ ನಿಲ್ಲಿಸಿದಳು. ನನ್ನ ಕಾಲಿನ ಜೊತೆ ಅವಳ ಕಾಲೂ ಕಟ್ಟಿಹೋಯಿತು.

ನಮ್ಮ ಭಜನಾ ಮಂಡಳಿಯಲ್ಲಿ ಊರ ಕಡೆಯ ಕುಣಿತ ಭಜನೆ ಉಂಟು. ನಡುವೆ ದೀಪ, ಅದರ ಸುತ್ತ ತಾಳಕ್ಕೆ ಹೆಜ್ಜೆ ಹಾಕುತ್ತ ಹಾಡುವುದು. ಹುಡುಗನಾಗಿದ್ದಾಗ ಕುಣಿದವನು, ಪತ್ರಿಕೆಯ ರಾತ್ರಿ ಪಾಳಿಗೆ ಸೇರಿದ ಮೇಲೆ ಬಿಟ್ಟಿದ್ದೆ. ಮನೆಯ ವಿಠಲನ ಪಟದ ಮುಂದೆ ಹರಕೆ ಹೊತ್ತೆ: "ನನ್ನ ನಡಿಗೆ ಕೊಡು. ಕೊಟ್ಟರೆ ನಿನ್ನ ದೀಪದ ಸುತ್ತ ಕುಣಿಯುತ್ತೇನೆ." ದಿನಾ ಇದನ್ನೇ ಬೇಡಿದೆ. ಮಳೆ ಹೋಯಿತು, ದೀಪಾವಳಿ ಕಳೆಯಿತು, ಕಾಲು ಇನ್ನಷ್ಟು ಕೆಟ್ಟಿತು. ಒಂದು ಬೆಳಿಗ್ಗೆ ಕೈಮುಗಿಯಲೂ ಮನಸ್ಸಾಗಲಿಲ್ಲ.

"ಇವನೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ. ನನ್ನನ್ನೇನು ನಡೆಸುತ್ತಾನೆ?" ಎಂದೆ.

"ಅವ ಇಟ್ಟಿಗೆ ಮೇಲೆ ನಿಂತದ್ದು ಭಕ್ತನಿಗೆ ಕಾದು," ಎಂದಳು ಸುಮತಿ. "ನೀವು ಯಾರಿಗೆ ಕಾಯುವುದು?"

ಆ ಶನಿವಾರ ಅವಳು ನನ್ನನ್ನು ಕೇಳಲೇ ಇಲ್ಲ. ರಿಕ್ಷಾ ಕರೆದು ನನ್ನನ್ನು ಮಂಡಳಿಗೆ ಕರೆದೊಯ್ದಳು. ಗೌರವದಿಂದಲೇ ನನಗೊಂದು ಕುರ್ಚಿ ಹಾಕಿಕೊಟ್ಟರು. ಕುಣಿತ ಕಲಿಸುವ ಲೀಲಕ್ಕ ಬಂದು ಎದುರು ನಿಂತರು.

"ಎಂತ ರಾಘವಣ್ಣ, ಕೂತೇ ಇರುವುದಾ?"

"ಇವರದ್ದು ಹರಕೆ ಉಂಟು ಲೀಲಕ್ಕ. ಕಾಲು ಸರಿಯಾದ ಮೇಲೆ ಕುಣಿಯುವುದಂತೆ," ಎಂದಳು ಸುಮತಿ.

"ಓಹೋ, ದೇವರ ಹತ್ತಿರ ಅಗ್ರಿಮೆಂಟಾ! ಮೊದಲು ಹರಕೆ ತೀರಿಸಿ ಮಾರಾಯ್ರೆ. ಅವ ಎಲ್ಲಿಗೂ ಓಡಿಹೋಗುವುದಿಲ್ಲ."

"ಬಿದ್ದರೆ?"

"ಆಚೆ ನಾನು, ಈಚೆ ಸುಮತಿ. ಬಿದ್ದರೆ ಮೂವರೂ ಬೀಳುವ. ಭಜನೆ ನಿಲ್ಲಬಾರದು, ಅಷ್ಟೆ."

ಎದ್ದೆ. ಎಂದಿನಂತೆ ಪಾದ ಅಂಟಿಕೊಂಡಿತು. ಎಲ್ಲರೂ ನೋಡುತ್ತಿದ್ದರು. ಮತ್ತೆ ಕೂತುಬಿಡೋಣ ಎನ್ನುವಷ್ಟರಲ್ಲಿ ತಬಲಾ ಶುರುವಾಯಿತು, ತಾಳಗಳು ಸೇರಿದವು. ಬಲಗಾಲು ಎದ್ದಿತು. ಅದನ್ನು ಎತ್ತಿದ್ದು ನಾನು ಎಂದು ಬರೆಯಲಾರೆ. ಎಡಗಾಲು ಅದರ ಹಿಂದೆ ಹೋಯಿತು. ಹೆಜ್ಜೆಯ ಜೊತೆ ತಿರುಗಿದಂತೆ ದೀಪ ನನ್ನ ಎಡಕ್ಕೆ ಸರಿಯಿತು, ಬೆನ್ನ ಹಿಂದಾಯಿತು, ಮತ್ತೆ ಎದುರು ಬಂದಿತು. ಬೆವರುತ್ತಿದ್ದೆ.

"ಕೈ ಬಿಡಬೇಡ," ಎಂದೆ ಸುಮತಿಗೆ.

"ಬಿಟ್ಟು ಎಷ್ಟು ಹೊತ್ತಾಯ್ತು!" ಎಂದು ಅವಳ ದನಿ ಹಿಂದಿನಿಂದ ಬಂತು.

ಆದದ್ದನ್ನು ಹೆಚ್ಚಿಸಿ ಹೇಳಬಾರದು. ಭಜನೆ ಮುಗಿದು ಲಿಫ್ಟಿನ ಬಾಗಿಲಿಗೆ ಬಂದಾಗ ಕಾಲು ಮತ್ತೆ ನಿಂತಿತು. ಸುಮತಿ ಚಪ್ಪಾಳೆಯಲ್ಲಿ ತಾಳ ಹಾಕಿದಳು. ಒಳಗೆ ಹೋದೆ.

ಡಾಕ್ಟರಮ್ಮನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಿಮ್ಮೊಳಗಿನ ತಾಳ ತಪ್ಪಿದೆ ಕಾಕಾ. ಹೊರಗಿನ ತಾಳ ಕಾಲಿಗೆ ಬೇರೆ ದಾರಿ ತೋರಿಸುತ್ತದೆ. ಜೊತೆಗೆ ಜನ ಇರಲಿ, ಮಾತ್ರೆ ಬಿಡಬೇಡಿ. ಡಾನ್ಸ್ ಚಾಲೂ ಠೇವಾ," ಎಂದರು.

ಚಾಲೂ ಇಟ್ಟೆ. ಬಾಗಿದ ಬೆನ್ನು ಸ್ವಲ್ಪ ನೆಟ್ಟಗಾಯಿತು. ತಗ್ಗಿಹೋಗಿದ್ದ ದನಿ ಹಾಡಿ ಹಾಡಿ ಏರಿತು. ನಿದ್ದೆ ಬರತೊಡಗಿತು. ಆಮೇಲೆ ನಾನು ಬಿದ್ದಿಲ್ಲ. ಕಾಯಿಲೆ ಇದೆ, ಇರುತ್ತದೆ. ಕೆಲವು ದಿನ ಈಗಲೂ ಕಾಲು ಮಾತು ಕೇಳುವುದಿಲ್ಲ. ಕಾರಣವನ್ನು ಡಾಕ್ಟರು ವಿವರಿಸಿದರು, ಒಪ್ಪುತ್ತೇನೆ. ಆದರೆ ಭಕ್ತರಲ್ಲಿ ಒಂದು ಮಾತು ನಿವೇದಿಸಬೇಕು. ಕುಣಿತವನ್ನು ನಾನು ವಿಠಲನಿಗೆ ಕೊಡುವ ಕಾಣಿಕೆ ಎಂದುಕೊಂಡಿದ್ದೆ. ಅದೇ ಅವನು ನನಗೆ ಕೊಟ್ಟ ವರವಾಗಿತ್ತು. ಹರಕೆಯ ಮಾತನ್ನು ಬಾಯಿಗೆ ತಂದ ಗಳಿಗೆಯಲ್ಲೇ ಉತ್ತರ ಸಿಕ್ಕಿತ್ತು. ಕೈಚಾಚಿ ತೆಗೆದುಕೊಳ್ಳದೆ ನಾನೇ ಕಾಯುತ್ತ ಕೂತಿದ್ದೆ. ಆ ಕರುಣಾಳುವಿಗೆ ಅನಂತ ವಂದನೆ.

ಕಳೆದ ಶನಿವಾರ ಸುಮತಿ ಮಗಳ ಮನೆಯಲ್ಲಿದ್ದಳು. ಸಂಜೆ ಖಾರಘರದಿಂದ ಅವಳ ಫೋನು ಬಂತು.

"ಎಲ್ಲಿದ್ದೀರಿ? ಏನು ಗಲಾಟೆ?"

"ಮಂಡಳಿಯಲ್ಲಿ."

"ಯಾರ ಜೊತೆ ಹೋದ್ರಿ?"

"ವಿಠಲನ ಜೊತೆ. ನಡೆದುಕೊಂಡೇ ಬಂದೆವು."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಸರಿ. ವಾಪಸು ಹೋಗುವಾಗ ಕತ್ತಲಾಗ್ತದೆ," ಎಂದಳು. "ಇಬ್ಬರೂ ರಿಕ್ಷಾ ಮಾಡಿಕೊಂಡು ಹೋಗಿ."