ಅಪ್ಪಂದಿರನ್ನು ಸಾಯಿಸುವ ಹಾಲಪ್ಪ

ನನ್ನ ಮಗಳು ಭೂಮಿಕಾಳನ್ನು ತೊಟ್ಟಿಲಿಗೆ ಹಾಕಿದ ದಿನವೇ ಬಿಳಗಿಯ ವಿಮೆ ಏಜೆಂಟ್ ಹಾಲಪ್ಪ ನನ್ನನ್ನು ಸಾಯಿಸಿದ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಪಾಯಸ ಉಣ್ಣುತ್ತ, ನೆಂಟರೆಲ್ಲ ಕೇಳುವ ಹಾಗೆ, "ನಾಳೆ ನೀ ಇಲ್ಲ ಅಂತ ಇಟ್ಕ ಮಾದೇವ, ಈ ಕೂಸಿನ ಫೀ ಯಾರು ಕಟ್ಟೂದು?" ಎಂದ. ಮಕ್ಕಳ ಶಿಕ್ಷಣ ಯೋಜನೆ ಮಾರುವುದೆಂದರೆ ಅವನಿಗೆ ಮೊದಲು ಅಪ್ಪನನ್ನು ಮುಗಿಸುವುದು. ಶಿರಸಿಯಿಂದ ಯಲ್ಲಾಪುರದವರೆಗೆ ಅವನು ಅಡಿಕೆ ಇಳಿಸುವ ಕೊನೆಗಾರರನ್ನು ಮರದಿಂದ ಬೀಳಿಸಿದ್ದಾನೆ, ಲಾರಿಯವರನ್ನು ಅರಬೈಲು ಘಟ್ಟದಲ್ಲಿ ಉರುಳಿಸಿದ್ದಾನೆ, ಮಾಸ್ತರುಗಳಿಗೆ ಮಾತ್ರ ಮರ್ಯಾದೆ ಕೊಟ್ಟು ನಿದ್ದೆಯಲ್ಲೇ ಎದೆ ನಿಲ್ಲಿಸಿದ್ದಾನೆ. ಅಪ್ಪ ಸತ್ತ ಮೇಲೆ ಕೂಸನ್ನು ಓದಿಸಲು ಕೂರುತ್ತಾನೆ: ಡಾಕ್ಟರಾದರೆ ಕಂತು ಇಷ್ಟು, ಇಂಜಿನಿಯರಾದರೆ ಇಷ್ಟು, "ಬಿಎ ಸಾಕು" ಅಂದವರ ಮನೆಯಲ್ಲಿ ಎರಡನೇ ಚಾ ಮುಟ್ಟುವುದಿಲ್ಲ. ಭೂಮಿಕಾಳ ಹೆಸರಲ್ಲಿ ನಾನೂ ಯೋಜನೆ ಮಾಡಿಸಿದೆ, ಆದರೆ ಅವನ ಬಾಯಿ ತಾಳಲಾರದೆ ಕೊನೆಯ ಎರಡು ವರ್ಷ ಕಂತನ್ನೇ ನಿಲ್ಲಿಸಿದೆ. ಅಂಗಳಕ್ಕೆ ಬಂದರೆ, "ಸತ್ತವನ ಹತ್ರ ಕಂತು ಕೇಳೂದೆಂತ ಮಾರಾಯ, ನಡೆ" ಎಂದು ಓಡಿಸಿದೆ. ಈ ವರ್ಷ ಭೂಮಿಕಾಳಿಗೆ ನರ್ಸಿಂಗ್ ಸೀಟು ಸಿಕ್ಕಾಗ, ಯೋಜನೆ ರದ್ದಾಗಿರುತ್ತದೆ, ಮಗಳ ಓದು ನನ್ನ ಸಿಟ್ಟಿಗೇ ಹೋಯಿತು ಎಂದುಕೊಂಡೇ ವಿಮೆ ಕಚೇರಿಗೆ ಹೋದೆ. ಹಣ ಪೂರ್ತಿ ಬಂತು. ಆ ಎರಡು ವರ್ಷದ್ದನ್ನು ಹಾಲಪ್ಪನೇ ತುಂಬಿದ್ದ. ತಿರುಗಿ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡ. "ನನ್ನ ಅಪ್ಪ ಖರೇ ಸತ್ತಾಗ ನಾ ಐದನೇ ಕ್ಲಾಸು. ಅಲ್ಲಿಗೇ ಶಾಲೆ ಮುಗೀತು. ಇದನ್ನ ಅವಳ ಹಾಸ್ಟೆಲಿಗೆ ಕಟ್ಟು" ಎಂದ. ಹಾಸ್ಟೆಲಿಗೆ ಕಟ್ಟಿದೆ. ಅವನಿಗೆ ಕೊಡುವುದು ಹಾಗೇ ಉಳಿದಿದೆ.