ಸೆಕೆಂಡ್ ಡಿವಿಜನ್ ಅಳಿಯ

ನನ್ನ ಅಳಿಯನ ವಿಷಯ ಹೇಳಲಿಕ್ಕೆ ಕೂತರೆ ಮೊದಲು ತಲೆಬಿಸಿ ಬರುತ್ತದೆ, ಮಾತು ಆಮೇಲೆ. ಹೆಸರು ರೆಮಿ, ದೇಶ ಫ್ರಾನ್ಸ್. ಈಗ ಇರುವುದು ಮುಂಬೈಯ ಆಂಟಾಪ್ ಹಿಲ್‌ನಲ್ಲಿ, ನನ್ನ ಮನೆಯಲ್ಲಿ. ಅಳಿಯನಿಗೆ ಏಕವಚನ ಹಾಕುವುದು ಉಡುಪಿ ಕಡೆಯ ನನ್ನ ಬಾಯಿಗೆ ಬರುವುದಿಲ್ಲ. ಎಷ್ಟು ಸಿಟ್ಟು ಬಂದರೂ ‘ನೀವು’ ಎಂದೇ ಬೈಯಬೇಕು. ಅದೊಂದು ಬೇರೆ ಕರ್ಮ.

ಅವರು ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವರು. ವಿಂಗರ್ ಅಂತೆ. ಅಂದರೆ ಎಂತ ಎಂದು ಮಗಳು ವಿಜೇತಾಳ ಹತ್ರ ಕೇಳಿದೆ. ಮೈದಾನದ ಬದಿಯ ಗೆರೆ ಹಿಡಿದು ಓಡುವುದು, ಉಸಿರು ಕಟ್ಟುವಷ್ಟು ಓಡಿ ಚೆಂಡನ್ನು ನಡುವೆ ನಿಂತವನಿಗೆ ಕೊಡುವುದು. ಗೋಲು ಹೊಡೆದು ಹೆಸರು ತಕ್ಕೊಳ್ಳುವವನು ಆ ನಡುವಿನವನು. ಇಂಥದ್ದೂ ಒಂದು ಕೆಲಸ ಉಂಟಾ ಮಾರಾಯ್ರೆ? ಹದಿನೇಳನೇ ವಯಸ್ಸಿಗೆ ಕ್ಲಬ್ ಸೇರಿದವರ ಪ್ರಾಯವೆಲ್ಲ ಅಲ್ಲಿಯ ಸೆಕೆಂಡ್ ಡಿವಿಜನ್ನಿನಲ್ಲೇ ಸವೆಯಿತು. ಒಮ್ಮೆ ಫಸ್ಟ್ ಡಿವಿಜನ್ನಿನ ದೊಡ್ಡ ಕ್ಲಬ್ಬೊಂದು ಕರೆಸಿಕೊಂಡು, ಇಡೀ ವರ್ಷ ಆಡಿಸದೆ ಬೆಂಚಿನ ಮೇಲೆ ಕೂರಿಸಿ ವಾಪಸ್ ಕಳಿಸಿತು. ಆಮೇಲೆ ಬೆಲ್ಜಿಯಂ, ಸೈಪ್ರಸ್, ಕೊನೆಗೆ ಮುಂಬೈಯ ಒಂದು ಕ್ಲಬ್ಬು. ಇಲ್ಲಿ ಎರಡನೇ ವರ್ಷ ಮೊಣಕಾಲು ಹೋಯಿತು. ಪವಾಯಿಯಲ್ಲಿ ಫಿಸಿಯೋ ಆಗಿರುವ ವಿಜೇತಾ ಕಾಲು ಸರಿ ಮಾಡುತ್ತೇನೆಂದು ಹೊರಟವಳು ಮದುವೆ ಮಾಡಿಕೊಂಡಳು. ಕಾಲು ಇನ್ನೂ ಸರಿಯಾಗಿಲ್ಲ.

ಗಂಡ ತೀರಿದ ಮೇಲೆ ನಾನೇ ನಡೆಸುವ ಹೋಟೆಲಿನ ಗಲ್ಲಾದಲ್ಲಿ ಈಗ ಅವರು ಕೂರುತ್ತಾರೆ. ಕೂರುತ್ತಾರೆ ಎಂದರೆ ಸುಳ್ಳು. ಯಾರಾದರೂ ಚಟ್ನಿ ಎಂದರೆ ಸಾಕು, ಗಲ್ಲಾ ಬಿಟ್ಟು ಬಕೆಟ್ ಹಿಡಿದು ಕುಂಟಿಕೊಂಡು ಓಡುತ್ತಾರೆ. ಬಡಿಸಲಿಕ್ಕೆ ಜನ ಇದ್ದಾರೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಇದನ್ನೆಲ್ಲ ಸಹಿಸಬಹುದಿತ್ತು. ನನ್ನ ಹೊಟ್ಟೆ ಉರಿಸುವುದು ನಮ್ಮ ಊರಿನವರ ಸಂಘದ ಹೆಂಗಸರು. “ಶೀಲಕ್ಕ, ಅಳಿಯ ಮನೆಯಲ್ಲೇ ಅಲ್ವಾ?” ಎಂದು ನಮಿತಾ ಸಿಕ್ಕಿದಲ್ಲೆಲ್ಲ ಕೇಳುತ್ತಾಳೆ, ಕೇಳಿ ಒಂದು ನಗು ನಗುತ್ತಾಳೆ. ಮನೆ ಅಳಿಯ, ಹೆಂಡತಿ ದುಡಿದು ತರುತ್ತಾಳೆ, ಅತ್ತೆ ಬೇಯಿಸಿ ಹಾಕುತ್ತಾಳೆ ಎಂದು ಆ ನಗುವಿನ ಅರ್ಥ. ಇವಳ ಬಾಯಿ ಒಮ್ಮೆ ಮುಚ್ಚಿಸಬೇಕಿತ್ತು ನನಗೆ. ಹಾಗಾಗಿ ಕಾರ್ಯದರ್ಶಿ ಈಶ್ವರ ಬಂದು, ವಾರ್ಷಿಕ ಕ್ರೀಡಾಕೂಟದಲ್ಲಿ ನಿಮ್ಮ ಅಳಿಯನಿಗೆ ಸನ್ಮಾನ ಮಾಡುವ ಎಂದಾಗ ಹಾಲು ಕುಡಿದಷ್ಟು ಸಂತೋಷವಾಯಿತು.

ವೇದಿಕೆಯಲ್ಲಿ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಈಶ್ವರ ಮೈಕಿನಲ್ಲಿ, “ವಿಶ್ವಕಪ್‌ನಲ್ಲಿ ಫ್ರಾನ್ಸ್ ದೇಶದ ಪರವಾಗಿ ಮಿಂಚಿದ ಮಹಾನ್ ಆಟಗಾರ” ಎಂದ. ನಾನು ಹಾಗೆ ಹೇಳಿರಲಿಲ್ಲ. ಆದರೆ ಸನ್ಮಾನ ಎಂದ ಮೇಲೆ ಸ್ವಲ್ಪ ಏರಿಸಿಯೇ ಹೇಳುವುದು, ಅದರಲ್ಲೇನಿದೆ? ಹೋದ ವರ್ಷ ಎರಡು ಫ್ಯಾನ್ ಕೊಟ್ಟವರನ್ನು ಕೊಡುಗೈ ದಾನಿ, ಸಮಾಜರತ್ನ ಎಂದಿದ್ದರು. ಅವರು ಕೈಮುಗಿದು ತೆಪ್ಪಗೆ ಕೂತರು. ನಮ್ಮಲ್ಲಿ ಕ್ರಮ ಹಾಗೆ. ನಮಿತಾ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

ಆಗ ನಮ್ಮ ಅಳಿಯ ಮೈಕು ತಕ್ಕೊಂಡರು. ಹೋಟೆಲಿನ ಹುಡುಗರಿಂದ ಕಲಿತ ಕನ್ನಡ. “ಈಶ್ವರಣ್ಣ ಹೇಳಿದ್ದು ತಪ್ಪು ಉಂಟು. ನಾನು ದೇಶಕ್ಕೆ ಆಡಲಿಲ್ಲ. ಒಂದು ದಿನ ಕೂಡ ಇಲ್ಲ. ನಾನು ಸೆಕೆಂಡ್ ಡಿವಿಜನ್. ಈಗ ಅತ್ತೆ ಹೋಟೆಲ್, ಅತ್ತೆ ಮನೆ.” ಶಾಲು ತೆಗೆದು ಈಶ್ವರನಿಗೇ ಹೊದೆಸಿ ಕೆಳಗಿಳಿದರು. ಇಡೀ ಸಭೆ ನಕ್ಕಿತು. ನಮಿತಾ ಎಲ್ಲರಿಗಿಂತ ಜಾಸ್ತಿ ನಕ್ಕಳು.

ಟ್ಯಾಕ್ಸಿಯಲ್ಲಿ ನನಗೆ ತಡೆಯಲಿಕ್ಕಾಗಲಿಲ್ಲ. “ಅಲ್ಲ, ನಿಮಗೆ ಸುಮ್ಮನೆ ಕೈಮುಗಿದು ಕೂರಲಿಕ್ಕೆ ಎಂತ ಆಗಿತ್ತು? ಅಷ್ಟು ಜನರ ಎದುರು ನನ್ನ ಮಾನ ಕಳೆದಿರಲ್ಲ.” ವಿಜೇತಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಳಿಯ ಮೊಣಕಾಲು ತಿಕ್ಕಿಕೊಳ್ಳುತ್ತಾ ಹೇಳಿದರು. “ಅತ್ತೆ, ನನ್ನ ಅಪ್ಪ ಪೋಸ್ಟ್‌ಮನ್. ಮನೆ ಮನೆಗೆ ಕಾಗದ ಕೊಡುವಾಗ ಹೇಳಿದ್ರು, ನನ್ನ ಮಗ ಫ್ರಾನ್ಸಿಗೆ ಆಡ್ತಾನೆ, ಮುಂದಿನ ವರ್ಷ. ಪ್ರತಿ ವರ್ಷ ಹೇಳಿದ್ರು. ನಾನು ಆಡಲಿಲ್ಲ. ನಾನು ಊರಿಗೆ ಹೋಗುದು ಬಿಟ್ಟೆ. ಅಪ್ಪ ತೀರಿದಾಗ ಹೋದೆ, ಟೋಪಿ ಕೆಳಗೆ ಎಳೆದು, ಮುಖ ಕಾಣದ ಹಾಗೆ.” ಸ್ವಲ್ಪ ಹೊತ್ತು ಕನ್ನಡ ಹುಡುಕಿದರು. “ಇಲ್ಲಿ ಜನರಿಗೆ ನಾನು ಯಾರೂ ಅಲ್ಲ. ಅದಕ್ಕೆ ನಿಮ್ಮ ಮನೆಯಲ್ಲಿ ಉಳಿದೆ. ಇಲ್ಲಿ ಕೂಡ ಸುಳ್ಳು ಹೇಳಿದ್ರೆ ನಾನು ಇನ್ನು ಯಾವ ಊರಿಗೆ ಹೋಗುದು?”

ನನಗೆ ಸಿಟ್ಟು ಹಾಗೆಯೇ ಇತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಕಣ್ಣು ಬೇರೆ ಒದ್ದೆಯಾಗಿ ಕಿರಿಕಿರಿ.

ಮರುವಾರ ಭಜನೆಗೆ ಹೋದಾಗ ನಮಿತಾ ಕಾದುಕೊಂಡೇ ಇದ್ದಳು. “ಪಾಪ ಶೀಲಕ್ಕ, ಅಳಿಯ ಇನ್ನೂ ಮನೆಯಲ್ಲೇ ಅಲ್ವಾ?”

“ಹೌದು ಮಾರಾಯ್ತಿ, ಮನೆಯಲ್ಲೇ” ಎಂದೆ. “ಎಲ್ಲಾದರೂ ಹೊರಟು ಹೋದರೆ ಎಂದು ನನಗೇ ಹೆದರಿಕೆ.”